ಸಣ್ಣ ಪುಟ್ಟ ವಿಷಯಗಳನ್ನೂ ದೇವರ ಹತ್ತಿರ ಹೇಳೋದು ಸರಿಯಾ? ಹೇಳೋದಾದರೆ ಹೇಗೆ?

ಕೋಣಂದೂರು ಓದುಗಿ:

ಶುಕ್ರವಾರದ ಮಹಿಳಾ ಪ್ರಾರ್ಥನಾ ಕೂಟದಲ್ಲಿ ಎದ್ದ ಪ್ರಶ್ನೆ ಇದು. ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳ್ತಿದ್ದೇನೆ. ಪ್ರಾರ್ಥನೆ ವಿಷಯ ಹೇಳಿ ಅಂದರೆ ಎಲ್ಲರೂ ಕಾಯಿಲೆ, ಮದುವೆ, ಸಾಲ ಇಷ್ಟನ್ನೇ ಹೇಳ್ತಾರೆ. ಹಾಲು ಕರೆಯುವಾಗ ಹಸು ಒದೆಯೋದು, ಮಗು ಸ್ಕೂಲ್ ಬಸ್ಸಲ್ಲಿ ವಾಂತಿ ಮಾಡೋದು, ಗಾಳಿಮಳೆಗೆ ಕರೆಂಟ್ ಹೋಗಿ ಮೋಟಾರ್ ಓಡದಿರೋದು, ನಾದಿನಿ ಜೊತೆ ಮಾತು ನಿಂತಿರೋದು, ಇವನ್ನೆಲ್ಲ ಬಾಯಿಬಿಟ್ಟು ಹೇಳೋಕೆ ಸಂಕೋಚ. "ಲೋಕದಲ್ಲಿ ಯುದ್ಧ ನಡೀತಿರುವಾಗ ದೇವರಿಗೆ ನಿಮ್ಮ ಮೋಟಾರಿನ ಚಿಂತೆಯಾ" ಅನ್ನೋ ಮಾತೂ ಬಂತು. ಇದಕ್ಕೆ ಸತ್ಯವೇದದ (ಬೈಬಲಿನ) ವಾಕ್ಯದ ಆಧಾರ ಏನು, ಯಾವ ಮಾತಲ್ಲಿ ಹೇಳಬೇಕು, ಎಷ್ಟು ಸಲ ಹೇಳಬೇಕು? ದಯವಿಟ್ಟು ಬಿಡಿಸಿ ಬರೀರಿ. ಕೂಟದಲ್ಲಿ ಓದಿ ಹೇಳೋಣ ಅಂತಿದೆ.

ಭದ್ರಾವತಿ ಸಭೆ ಹಿರಿಯ:

ಆ ಮಾತು ಹೇಳಿದವರ ಉದ್ದೇಶ ಒಳ್ಳೆಯದೇ. ದೇವರ ಮಹಿಮೆಗೆ ಕುಂದು ಬರಬಾರದು ಅಂತ. ಆದರೆ ಸತ್ಯವೇದ ಆ ದಾರಿ ಹಿಡಿಯುವುದಿಲ್ಲ.

ಕರ್ತನು ಕಲಿಸಿದ ಪ್ರಾರ್ಥನೆಯ ಕ್ರಮ ನೋಡಿ, ಮತ್ತಾಯ 6:9-13. ನಾಮ, ರಾಜ್ಯ, ಚಿತ್ತ ಅಂತ ಮೊದಲ ಮೂರು ಬೇಡಿಕೆ ದೇವರ ಕಡೆಯವು. ಅದಾದ ಕೂಡಲೇ ಬರುವುದು ಅನುದಿನದ ಆಹಾರ. ಪಾಪಕ್ಷಮೆಯ ಬೇಡಿಕೆ ಕೂಡ ಅದರ ನಂತರ. ಮಾರ್ಟಿನ್ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಈ ಆಹಾರ ಅನ್ನೋದರೊಳಗೆ ಏನೇನು ಸೇರುತ್ತದೆ ಅಂತ ಪಟ್ಟಿಯನ್ನೇ ಕೊಟ್ಟಿದ್ದಾನೆ: ಊಟ, ಬಟ್ಟೆ, ಚಪ್ಪಲಿ, ಮನೆ, ಹೊಲ, ದನಕರು, ದುಡ್ಡು, ಒಳ್ಳೆಯ ಸಂಗಾತಿ, ಮಕ್ಕಳು, ಒಳ್ಳೆಯ ಆಡಳಿತ, ಒಳ್ಳೆಯ ಹವೆ, ಆರೋಗ್ಯ, ನಂಬಿಗಸ್ತ ನೆರೆಹೊರೆ. ನಿಮ್ಮ ಕೂಟದ ಹಸು, ಮಗು, ಮೋಟಾರು, ನಾದಿನಿ ಎಲ್ಲರೂ ಇದರಲ್ಲಿ ಬಂದರು.

ಗುಬ್ಬಿಯ ಲೆಕ್ಕ ಇನ್ನೊಂದು. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ (10:29). ಲೂಕನಲ್ಲಿ ಎರಡು ಕಾಸಿಗೆ ಐದು (12:6). ಅಂದರೆ ಐದನೆಯದು ಕೊಸರು, ಅದಕ್ಕೆ ಬೆಲೆಯೇ ಇಲ್ಲ. ಅದನ್ನೂ ದೇವರು ಮರೆಯುವುದಿಲ್ಲ ಅಂತ ಯೇಸು ಹೇಳಿದ್ದು.

ಆದರೆ ಕೂಟದಲ್ಲಿ ಒಂದೇ ಭಾಗ ಓದೋದಾದರೆ 2 ಅರಸುಗಳು 6:1-7 ಓದಿ. ಪ್ರವಾದಿ ಎಲೀಷನ ಶಿಷ್ಯರು ವಾಸಕ್ಕೆ ಜಾಗ ಕಟ್ಟಿಕೊಳ್ಳೋಕೆ ಯೊರ್ದನ್ ದಡದಲ್ಲಿ ಮರ ಕಡೀತಿದ್ದಾರೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬೀಳುತ್ತದೆ. ಅವನು ಕೂಗುವುದು, ಅಯ್ಯೋ, ಅದು ಎರವಿನದು ಅಂತ. ಕೊಡಲಿ ಹೋದದ್ದಕ್ಕಿಂತ ಕೊಟ್ಟವನಿಗೆ ಏನು ಉತ್ತರ ಕೊಡೋದು ಅನ್ನೋ ಸಂಕಟ ಅದು. ಪ್ರವಾದಿ ಅವನನ್ನು ಗದರಲಿಲ್ಲ. ಅದೇ ಪುಸ್ತಕದಲ್ಲಿ ಮುಂದೆ ಅರಾಮ್ಯರ ದಂಡು ಬರುತ್ತದೆ, ಸಮಾರ್ಯಕ್ಕೆ ಮುತ್ತಿಗೆ ಬೀಳುತ್ತದೆ, ಆದರೂ ಕೊಡಲಿಗೆ ಏಳು ವಚನದ ಜಾಗ ಇದೆ. ಪ್ರವಾದಿ ಕೇಳಿದ ಮೊದಲ ಮಾತು, ಎಲ್ಲಿ ಬಿತ್ತು? ಅವನು ಜಾಗ ತೋರಿಸುತ್ತಾನೆ. ಎಲೀಷ ಅದೇ ಜಾಗಕ್ಕೆ ಕೋಲು ಹಾಕುತ್ತಾನೆ, ಕಬ್ಬಿಣ ತೇಲುತ್ತದೆ. ಆಮೇಲೆ ಎತ್ತಿಕೋ ಅನ್ನುತ್ತಾನೆ, ಇವನೇ ಕೈ ಚಾಚಿ ತೆಗೆದುಕೊಳ್ಳುತ್ತಾನೆ. ಹೇಗೆ ಹೇಳಬೇಕು ಅನ್ನೋ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎಲ್ಲಿ ಬಿತ್ತು ಅಂತ ನಿಖರವಾಗಿ ತೋರಿಸಿ, ಎತ್ತಿಕೊಳ್ಳೋ ಹೊತ್ತಿಗೆ ಕೈ ಮುಂದೆ ಮಾಡಿ.

ಸಾಗರ ಜಪಸರ:

ಹಿರಿಯರ ಮಾತಿಗೆ ಕಥೋಲಿಕ ಬೋಧನೆಯೂ ಜೊತೆ ನಿಲ್ಲುತ್ತದೆ. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2633ನೇ ಪರಿಚ್ಛೇದದಲ್ಲಿ ಯಾವ ಅಗತ್ಯವಾದರೂ ಬೇಡಿಕೆಯ ವಿಷಯ ಆಗಬಹುದು ಅಂತಿದೆ. 2660ರಲ್ಲಿ, ನ್ಯಾಯ ಶಾಂತಿಯ ರಾಜ್ಯಕ್ಕಾಗಿ ಪ್ರಾರ್ಥಿಸುವಷ್ಟೇ ಮುಖ್ಯವಾಗಿ ದಿನನಿತ್ಯದ ಸಾಧಾರಣ ಸಂದರ್ಭಗಳಿಗೂ ಪ್ರಾರ್ಥನೆಯನ್ನು ತರಬೇಕು ಅಂತಿದೆ. ಹಾಗಾಗಿ ಯುದ್ಧವಾ ಮೋಟಾರಾ ಅಂತ ಆರಿಸೋ ಅಗತ್ಯವೇ ಇಲ್ಲ.

ಮಾತು ಹೊಂದಿಸೋದು ಹೇಗೆ ಅನ್ನೋದಕ್ಕೆ, ಬಲಿಪೂಜೆಯ ಆರಂಭದಲ್ಲಿ ಗುರುಗಳು "ಪ್ರಾರ್ಥಿಸೋಣ" ಅಂದು ಹೇಳುವ ಕಿರುಪ್ರಾರ್ಥನೆಯ ಅಚ್ಚು ಬಹಳ ಉಪಯೋಗಕ್ಕೆ ಬರ್ತದೆ. ಸಾಮಾನ್ಯವಾಗಿ ಅದರಲ್ಲಿ ಐದು ತುಂಡು: ಯಾರನ್ನು ಕರೀತಿದ್ದೇವೆ, ಅವರು ಏನು ಮಾಡಿದವರು, ನಮಗೆ ಏನು ಬೇಕು, ಯಾತಕ್ಕಾಗಿ ಬೇಕು, ಯಾರ ಮೂಲಕ ಕೇಳ್ತೇವೆ. ಬಸ್ಸಿನ ಮಗುವಿಗೆ ಹೀಗೆ ಕಟ್ಟಬಹುದು:

"ತಂದೆಯೇ, ಮಕ್ಕಳನ್ನು ಹತ್ತಿರ ಕರೆದ ಯೇಸುವನ್ನು ನಮಗೆ ಕೊಟ್ಟಿದ್ದೀರಿ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಮಗುವಿಗೆ ಹೊಟ್ಟೆ ತೊಳೆಸದೆ ಇರಲಿ. ಹೆದರಿಕೆ ಇಲ್ಲದೆ ಶಾಲೆಗೆ ಹೋಗಿ ಕಲಿಯಲಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್."

ಒಂದು ಉಸಿರಿಗೆ ಮುಗೀತದೆ. ಬಾಗಿಲಲ್ಲಿ ನಿಂತು ಬ್ಯಾಗ್ ಹಾಕುವಾಗ ಹೇಳಬಹುದು. ಜೊತೆಗೆ ಮುಂದಿನ ಸೀಟು ಕೇಳೋದು, ಹೊರಡುವ ಮುಂಚೆ ಎಣ್ಣೆ ತಿಂಡಿ ಕೊಡದಿರೋದು, ಬಸ್ಸಲ್ಲಿ ಪುಸ್ತಕ ಮೊಬೈಲು ನೋಡದಿರು ಅಂತ ಹೇಳೋದು, ಇವೂ ಆ ಪ್ರಾರ್ಥನೆಯ ಭಾಗವೇ.

ಈ ಅಚ್ಚಿನಲ್ಲಿ ಕೆಲಸ ಮಾಡುವುದು ನಾಲ್ಕನೇ ತುಂಡು, ಯಾತಕ್ಕಾಗಿ ಅನ್ನೋದು. ನಾದಿನಿಯ ವಿಷಯ ತಗೊಳ್ಳಿ. ಮೂರನೇ ತುಂಡಿಗೆ ಮೊದಲು ಬರೋ ಮಾತು "ಅವಳಿಗೆ ತನ್ನ ತಪ್ಪು ಗೊತ್ತಾಗಲಿ". ಯಾತಕ್ಕಾಗಿ ಅಂತ ಕೇಳಿಕೊಂಡರೆ "ಮನೆಯಲ್ಲಿ ಸಮಾಧಾನ ಇರಲಿ" ಅಂತ ಬರ್ತದೆ. ಆಗ ಎರಡೂ ಒಂದಕ್ಕೊಂದು ಕೂಡೋದಿಲ್ಲ ಅಂತ ತಾನಾಗೇ ಕಾಣ್ತದೆ. ಸಮಾಧಾನವೇ ಬೇಕಾದರೆ ಬೇಡಿಕೆ ಬದಲಾಗಬೇಕು: "ಭಾನುವಾರ ಸಿಕ್ಕಿದಾಗ ಮೊದಲ ಮಾತು ನನ್ನಿಂದ ಬರೋ ಹಾಗೆ ಮಾಡಿ." ಯಾಕೋಬ 4:3ರಲ್ಲಿ ಕೆಟ್ಟ ಉದ್ದೇಶದಿಂದ ಬೇಡಿ ಹೊಂದದೆ ಇರುವುದರ ಬಗ್ಗೆ ಹೇಳಿದೆ. ಆ ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳೋ ವಿಧಾನ ಇದು.

ವಿನೋಬನಗರ ವಾಚಕ:

ನನ್ನ ಆಕ್ಷೇಪ ಬರೀತೇನೆ, ಬೇಸರ ಮಾಡ್ಕೋಬೇಡಿ. ನೀವು ಬೇಡುವ ಮುಂಚೆಯೇ ನಿಮಗೆ ಏನು ಬೇಕೆಂದು ತಂದೆಗೆ ಗೊತ್ತು ಅಂತ ಮತ್ತಾಯ 6:8 ಹೇಳ್ತದೆ. ಹಾಗಿದ್ದ ಮೇಲೆ ಪಟ್ಟಿ ಯಾಕೆ? ಇನ್ನೊಂದು, ಸಾಕ್ಷಿ ಹೇಳುವಾಗ "ಪ್ರಾರ್ಥನೆ ಮಾಡಿದೆ, ಬಸ್ಸಲ್ಲಿ ಸೀಟು ಸಿಕ್ತು" ಅಂತ ಹೇಳೋರಿದ್ದಾರೆ. ಪಕ್ಕದಲ್ಲಿ ಕೂತವಳು ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರು ಹಾಕಿರ್ತಾಳೆ. ಅವಳಿಗೆ ಏನನ್ನಿಸಬೇಡ? ಸೀಟು ಕೊಡೋ ದೇವರು ಮಗನನ್ನು ಯಾಕೆ ಉಳಿಸಲಿಲ್ಲ ಅಂತ.

ಭದ್ರಾವತಿ ಸಭೆ ಹಿರಿಯ:

ಎರಡನೇ ಮಾತನ್ನು ಪೂರ್ತಿ ಒಪ್ತೇನೆ. ಸೀಟಿನ ವಿಷಯಕ್ಕೆ ಸೀಟಲ್ಲೇ ಕೂತು ಸ್ತೋತ್ರ ಹೇಳಿದರೆ ಸಾಕು. ಸಭೆಯಲ್ಲಿ ಸಾಕ್ಷಿ ಹೇಳುವ ಮುಂಚೆ ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡಬೇಕು. ಅಪೊಸ್ತಲ ಪೌಲ ಶರೀರದ ಮುಳ್ಳು ಅಂತ ಕರೆದ ಬಾಧೆ ಮೂರು ಸಲ ಬೇಡಿದರೂ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಸಿಕ್ಕಿತು (2 ಕೊರಿಂಥ 12:8-9). ಸಿಕ್ಕಿದ್ದನ್ನು ಹೇಳುವ ಸಭೆಯಲ್ಲಿ ಸಿಗದೇ ಇದ್ದದ್ದನ್ನೂ ಹೇಳೋಕೆ ಜಾಗ ಇರಬೇಕು. ಇಲ್ಲದಿದ್ದರೆ ಸಾಕ್ಷಿ ಅನ್ನೋದು ಗೆದ್ದವರ ಪಟ್ಟಿ ಆಗ್ತದೆ.

ಮೊದಲ ಮಾತಿಗೆ ಬರ್ತೇನೆ. 8ನೇ ವಚನದಲ್ಲಿ ತಂದೆಗೆ ಗೊತ್ತು ಅಂದ ಯೇಸು 9ನೇ ವಚನದಲ್ಲೇ "ಹೀಗೆ ಪ್ರಾರ್ಥನೆ ಮಾಡಿರಿ" ಅಂತ ಬೇಡೋದನ್ನು ಕಲಿಸಿದರು. ಗೊತ್ತಿರೋದು ಬೇಡದಿರೋಕೆ ಕಾರಣ ಅಲ್ಲ, ಉದ್ದುದ್ದ ಬೇಡದಿರೋಕೆ ಕಾರಣ. 7ನೇ ವಚನ ತಪ್ಪು ಅಂದದ್ದು ಬಹಳ ಮಾತಾಡಿದರೆ ಕೇಳಿಸುತ್ತದೆ ಅನ್ನೋ ಎಣಿಕೆಯನ್ನು. ಕಾನಾ ಮದುವೆಯಲ್ಲಿ ಮರಿಯಳು ಹೇಳಿದ್ದು, ಅವರಲ್ಲಿ ದ್ರಾಕ್ಷಾರಸ ಇಲ್ಲ ಅಂತ ಅಷ್ಟೇ (ಯೋಹಾನ 2:3). ಎಲ್ಲಿಂದ ತರಬೇಕು, ಎಷ್ಟು ತರಬೇಕು, ಯಾವಾಗ ಅಂತ ಏನೂ ಹೇಳಲಿಲ್ಲ. ಸೇವಕರಿಗೆ ಮಾತ್ರ, ಅವನು ಹೇಳಿದ್ದನ್ನು ಮಾಡಿ ಅಂದಳು. ಅವರು ಆರು ಕಲ್ಲಿನ ಬಾನಿಗಳಿಗೆ ಕಂಠದ ಮಟ್ಟಿಗೆ ನೀರು ತುಂಬಿದರು. ಬಾನಿಯೊಂದಕ್ಕೆ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಹೊತ್ತವರಿಗೆ ಅದು ಸಣ್ಣ ಕೆಲಸ ಅಲ್ಲ. ಕೊರತೆ ಹೇಳೋದು ನಮ್ಮದು, ಪರಿಹಾರ ಹೇಗಿರಬೇಕು ಅನ್ನೋದನ್ನು ಬಿಟ್ಟುಕೊಡೋದೂ ನಮ್ಮದೇ.

ಹೊಸನಗರ ತೋಟ:

ಮಲೆನಾಡಿನವರಿಗೆ ಇದರಲ್ಲಿ ನಿಜವಾಗಿ ಕಷ್ಟದ ಪ್ರಶ್ನೆ ಹವೆಯದು ಮಾರಾಯ್ರೆ. ಬೇಯಿಸಿದ ಅಡಿಕೆ ಅಟ್ಟದ ಮೇಲಿದ್ದವನಿಗೆ ಬಿಸಿಲು ಬೇಕು. ಅದೇ ವಾರ ಭತ್ತ ಹೊಡೆ ಬಿಚ್ಚುತ್ತಿರುವ ಪಕ್ಕದವನಿಗೆ ಒಂದು ಮಳೆ ಬೇಕು. ಇಬ್ಬರೂ ಒಂದೇ ಸಭೆಯಲ್ಲಿ ಮೊಣಕಾಲೂರಿದರೆ ದೇವರು ಯಾರದ್ದು ಕೇಳಬೇಕು?

ಸಭೆಯ ಹಳೇ ಪದ್ಧತಿ ಇದನ್ನು ಮುಚ್ಚಿಟ್ಟಿಲ್ಲ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಮಳೆಗಾಗಿ ಒಂದು ಪ್ರಾರ್ಥನೆ ಇದೆ, ಮಳೆ ನಿಲ್ಲಲಿ ಅಂತ ಇನ್ನೊಂದಿದೆ, ಎರಡಕ್ಕೂ ಬೇರೆ ಬೇರೆ ಕೃತಜ್ಞತೆಯೂ ಇದೆ. ಸುಮಾರು 470ರಲ್ಲಿ ಫ್ರಾನ್ಸಿನ ವಿಯೆನ್ ಪಟ್ಟಣದ ಬಿಷಪ್ ಮಾಮೆರ್ತಸ್ ಶುರುಮಾಡಿದ ರೊಗೇಶನ್ ದಿನಗಳಿವೆ. ಸ್ವರ್ಗಾರೋಹಣ ಹಬ್ಬದ ಹಿಂದಿನ ಸೋಮವಾರ, ಮಂಗಳವಾರ, ಬುಧವಾರ. ಕಾಲಕ್ರಮದಲ್ಲಿ ಹೊಲಗದ್ದೆ ಸುತ್ತಿ ಬೆಳೆಗಾಗಿ ಬೇಡುವ ದಿನಗಳಾದವು. ಹೆಚ್ಚಿನ ವರ್ಷ ಅದು ಮೇ ತಿಂಗಳಲ್ಲಿ ಬರ್ತದೆ, ನಮ್ಮಲ್ಲಿ ಮುಂಗಾರಿಗೆ ಮುಂಚೆ ಔಷಧಿ ಹೊಡೆಯುವ ತಯಾರಿಯ ಹೊತ್ತಿಗೆ. ಇದನ್ನು ಇಲ್ಲಿನ ಸಭೆಗಳು ಮತ್ತೆ ಹಿಡಿದರೆ ಎಷ್ಟು ಚೆಂದ. ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಹೊಸ ತೆನೆಗೆ ಕೃತಜ್ಞತೆ ಹೇಳ್ತೇವೆ, ಬೇಡುವ ದಿನ ಮಾತ್ರ ಇಲ್ಲ.

ಹವೆಗೆ ಪ್ರಾರ್ಥಿಸುವಾಗ ಮೂರು ಸಂಗತಿ. ಒಂದು, ಬೇಡಿಕೆಯನ್ನು ನಿಮ್ಮ ಕೆಲಸದ ಅಳತೆಗೆ ಇಳಿಸಿ. "ಮಳೆ ಬೇಡ" ಅನ್ನೋದರ ಬದಲು "ಬೆಳಿಗ್ಗೆ ಔಷಧಿ ಹೊಡೆದು ಎಲೆ ಆರುವಷ್ಟು ಹೊತ್ತು ಹೊಳವಾಗಲಿ" ಅಂತ ಕೇಳಿ. ಎರಡು, ಪಕ್ಕದವನ ಬೇಡಿಕೆಯನ್ನು ಅದೇ ವಾಕ್ಯದಲ್ಲಿ ಸೇರಿಸಿ: "ನಮ್ಮ ಅಟ್ಟಕ್ಕೆ ಬಿಸಿಲು, ಅವರ ಗದ್ದೆಗೆ ನೀರು, ಎರಡನ್ನೂ ಹೊಂದಿಸೋದು ನಿಮಗೆ ಬಿಟ್ಟದ್ದು." ಇಷ್ಟು ಬಾಯಲ್ಲಿ ಬಂದರೆ ಹೊಟ್ಟೆಕಿಚ್ಚು ಅರ್ಧ ಇಳೀತದೆ. ಮೂರು, ಕೈಗೆ ಸಿಗುವುದನ್ನು ದೇವರ ಮೇಲೆ ಹಾಕಬೇಡಿ.

ಉದಾಹರಣೆಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣ ಅಂದರೆ 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಉಜ್ಜಿದ ಕತ್ತಿ ಅದ್ದಿ ನೋಡಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮೊದಲ ಸಲ ಮಳೆಗಾಲ ಹಿಡಿಯುವ ಮುಂಚೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ. ಕತ್ತಿ ಅದ್ದಿ ನೋಡದೆ ಹೊಡೆದು, ಅಡಿಕೆ ಗೊನೆ ಉದುರಿದ ಮೇಲೆ "ದೇವರು ಕೇಳಲಿಲ್ಲ" ಅನ್ನೋದು ಅನ್ಯಾಯ. ಕೀರ್ತನೆ 127:1ರಲ್ಲಿ ಯೆಹೋವನು ಮನೆ ಕಟ್ಟದಿದ್ದರೆ ಕಟ್ಟುವವರ ಕಷ್ಟ ವ್ಯರ್ಥ ಅಂತಿದೆ. ಕಟ್ಟುವವರು ಕಟ್ಟುತ್ತಲೇ ಇದ್ದಾರೆ ಅಲ್ಲಿ.

ಪ್ರಾರ್ಥನೆಗೆ ಉಳಿಯುವುದೇ ಬೇಕಾದಷ್ಟಿದೆ. ಅಡಿಕೆ ಕೊಯ್ಯುವ ಕೊನೆಗಾರ ಜಾರುವ ಮರ ಹತ್ತುವಾಗ ಅವನ ಹೆಸರು ಹಿಡಿದು ಒಂದು ಮಾತು ಹೇಳಿ. ಅವನಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಡೋದನ್ನೂ ಅದರ ಜೊತೆ ಇಟ್ಟುಕೊಳ್ಳಿ.

ಸೊರಬ ಆರೋಗ್ಯ:

ಹೊಸನಗರದ ಅಣ್ಣನ ಮೂರನೇ ಮಾತಿಗೆ ನಮ್ಮ ತಾಲ್ಲೂಕಿನದ್ದೇ ಉದಾಹರಣೆ ಇದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿಂದ ಮೇ ತನಕ ದರಕು ಸೊಪ್ಪಿಗೆ ಕಾಡಿಗೆ ಹೋಗುವವರು ಪ್ರಾರ್ಥನೆ ಮಾಡಿ ಹೊರಡಲಿ. ಈ ಕಾಯಿಲೆ ಹರಡುವ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ ಹೊರಡಲಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಉಣುಗು ಇದೆಯಾ ನೋಡಲಿ. ಮಂಗ ಸತ್ತದ್ದು ಕಂಡರೆ ಆ ಕಡೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಲಿ. ಜ್ವರ ಬಂದರೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸೋದು ಯಾಕೋಬ 5:14ರ ಪ್ರಕಾರ ಸರಿಯೇ, ಆದರೆ ರಕ್ತಪರೀಕ್ಷೆಯ ಬದಲಿಗೆ ಅಲ್ಲ.

ನಾನು ಬರೆಯಬೇಕು ಅಂದುಕೊಂಡದ್ದು ಬೇರೆ. ಸಣ್ಣ ವಿಷಯಕ್ಕೆ ಪ್ರಾರ್ಥನೆ ಮಾಡೋರಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿ: ಕಣ್ಣು ಮುಚ್ಚಿ ಕೂತು ಅದೇ ಚಿಂತೆಯನ್ನು ಮತ್ತೆ ಮತ್ತೆ ಮಗುಚೋದು, ನಡುನಡುವೆ "ಕರ್ತನೇ" ಅಂತ ಸೇರಿಸೋದು. ಅರ್ಧ ಗಂಟೆ ಆದ ಮೇಲೆ ಎದ್ದರೆ ಎದೆ ಇನ್ನೂ ಭಾರ. ಅದು ಪ್ರಾರ್ಥನೆಯ ಬಟ್ಟೆ ತೊಟ್ಟ ಚಿಂತೆ. ಗುರುತಿಸೋಕೆ ಸುಲಭ: ಮಾತು ದೇವರ ಕಡೆ ತಿರುಗಿದೆಯಾ, ಇಲ್ಲಾ "ಹಾಗಾದರೆ ಏನು ಮಾಡೋದು, ಹೀಗಾದರೆ ಏನು ಗತಿ" ಅಂತ ನಮ್ಮ ಜೊತೆಗೇ ನಡೀತಿದೆಯಾ?

ಫಿಲಿಪ್ಪಿ 4:6ರಲ್ಲೇ ಇದಕ್ಕೆ ಕ್ರಮ ಇದೆ, ಅದನ್ನು ಸೆರೆಯಲ್ಲಿ ಕೂತು ಪೌಲ ಬರೆದದ್ದು. ಚಿಂತೆ ಏನು ಅಂತ ಒಂದೇ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ಮನಸ್ಸಲ್ಲಿ ಹೇಳಿದರೆ ಸುತ್ತಲು ಶುರುವಾಗ್ತದೆ, ಬಾಯಲ್ಲಿ ಹೇಳಿದರೆ ವಾಕ್ಯ ಮುಗೀತದೆ. ಆಮೇಲೆ ಅದೇ ವಿಷಯದಲ್ಲಿ ಈಗಾಗಲೇ ಸಿಕ್ಕಿರುವ ಒಂದು ಒಳ್ಳೆಯದಕ್ಕೆ ಕೃತಜ್ಞತೆ. ಮಗುವಿಗೆ ವಾಂತಿ ಆದರೂ ಬಸ್ಸು ಅಂತ ಒಂದು ಇದೆ, ಶಾಲೆ ಇದೆ. ಆಮೇಲೆ ಬೇಡಿಕೆ, ಆಮೆನ್. ಆಮೆನ್ ಆದ ಕೂಡಲೇ ಎದ್ದು ಕೈಗೆ ಒಂದು ಕೆಲಸ: ಬಚ್ಚಲು ಒಲೆಗೆ ಕಟ್ಟಿಗೆ ಇಡೋದು, ಪಾತ್ರೆ ತೊಳೆಯೋದು. ಚಿಂತೆ ಮತ್ತೆ ಬಂದರೆ ಪೂರ್ತಿ ಪ್ರಾರ್ಥನೆ ಮೊದಲಿಂದ ಬೇಡ. "ಅದನ್ನು ನಿಮಗೆ ಕೊಟ್ಟಿದ್ದೇನೆ ತಂದೆಯೇ" ಅಂತ ಒಂದು ಮಾತು ಸಾಕು. 1 ಪೇತ್ರ 5ರಲ್ಲಿ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅನ್ನೋದು (7) ದೇವರ ಕೈಕೆಳಗೆ ತಗ್ಗಿಸಿಕೊಳ್ಳಿ ಅನ್ನೋದಕ್ಕೆ (6) ಅಂಟಿಕೊಂಡು ಬಂದಿದೆ. ಬಿಟ್ಟುಕೊಡೋದು ತಗ್ಗೋದರ ಒಂದು ಭಾಗ.

ಒಂದು ವಿಷಯ ಖಡಾಖಂಡಿತ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಅಥವಾ ಪ್ರಾರ್ಥನೆಯನ್ನು ಒಂದು ಅಕ್ಷರ ತಪ್ಪಿದರೂ ಮೊದಲಿಂದ ಹೇಳಲೇಬೇಕು ಅನ್ನೋ ಒತ್ತಡ ಇದ್ದರೆ ಅದು ವಿಶ್ವಾಸದ ಕೊರತೆ ಅಲ್ಲ, ಕಾಯಿಲೆ ಇರಬಹುದು. ಡಾಕ್ಟರ ಹತ್ತಿರ ಕಳಿಸಬೇಕು. "ಇನ್ನೂ ಪ್ರಾರ್ಥನೆ ಮಾಡು" ಅಂತ ಹೇಳಿ ಕಳಿಸಿದರೆ ಅವರ ಹೊರೆ ಹೆಚ್ಚಾಗ್ತದೆ.

ಕೋಣಂದೂರು ಓದುಗಿ:

ತುಂಬ ಉಪಕಾರ ಎಲ್ಲರಿಗೂ. ಸೊರಬದ ಅಕ್ಕ ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡೆ. ಎಷ್ಟು ಸಲ ಅನ್ನೋದು ಉಳೀತು. ಒಂದೇ ವಿಷಯ ದಿನಾ ಹೇಳಿದರೆ ಅದು ವ್ಯರ್ಥ ಮಾತಾಗೋದಿಲ್ಲವಾ? ಬರೆದಿಡೋ ಅಭ್ಯಾಸ ಒಳ್ಳೇದಾ?

ಸಾಗರ ಜಪಸರ:

ದಿನಾ ಹೇಳಬಹುದು ಅಕ್ಕ. ಗೆತ್ಸೆಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತಲ್ಲಿ ಪ್ರಾರ್ಥಿಸಿದರು ಅಂತ ಮತ್ತಾಯ 26:44 ಹೇಳ್ತದೆ. ನಡುರಾತ್ರಿ ಮೂರು ರೊಟ್ಟಿ ಕೇಳಿ ಬಾಗಿಲು ತಟ್ಟಿದ ಸ್ನೇಹಿತ (ಲೂಕ 11:5-8), ನ್ಯಾಯಾಧಿಪತಿಯ ಬೆನ್ನು ಬಿಡದ ವಿಧವೆ (ಲೂಕ 18:1-8), ಎರಡೂ ಯೇಸುವೇ ಹೇಳಿದ ಸಾಮ್ಯಗಳು. ಮಣಿ ಎಣಿಸಿ ಪ್ರಾರ್ಥಿಸುವ ಜಪಸರದಲ್ಲಿ ಪ್ರತಿ ಹತ್ತು ಮಣಿಗೂ ಮುಂಚೆ ಒಂದು ವಿಷಯ ಇಟ್ಟುಕೊಂಡರೆ ಐದು ವಿಷಯ ಆಯಿತು. ಅಲ್ಲಿಗೆ ಆ ದಿನದ ಮಟ್ಟಿಗೆ ಸಾಕು.

ಹಗಲಿನ ಮಧ್ಯೆ ಬರೋದಕ್ಕೆ ಬಾಣದ ಹಾಗೆ ಬಿಡುವ ಕಿರುಪ್ರಾರ್ಥನೆ ಇದೆ. ಈಜಿಪ್ಟಿನ ಸನ್ಯಾಸಿಗಳು ಇಂಥ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಆಗಾಗ ಹೇಳ್ತಿದ್ದರು ಅಂತ ಸಂತ ಅಗಸ್ಟೀನರು ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಉದ್ದ ಎಳೆದರೆ ಗಮನ ಮೊಂಡಾಗುತ್ತದೆ ಅನ್ನೋದು ಅದಕ್ಕೆ ಕಾರಣ. ಕೀರ್ತನೆ 70:1, ದೇವರೇ ನನಗೆ ಸಹಾಯ ಮಾಡಲು ತ್ವರೆಪಡು ಅನ್ನೋದನ್ನು ಕೆಲಸದ ಮಧ್ಯೆ ಹೇಳಿಕೊಳ್ಳಿ ಅಂತ ಹಳೇ ಕಾಲದ ಸನ್ಯಾಸಿ ಜಾನ್ ಕಾಸಿಯನ್ ಬರೆದಿಟ್ಟಿದ್ದಾನೆ. ನೆಹೆಮೀಯ ರಾಜನ ಎದುರು ನಿಂತು, ಏನು ಬೇಕು ಅಂತ ರಾಜ ಕೇಳಿದ ಮೇಲೆ ಉತ್ತರ ಕೊಡುವ ಮುಂಚೆ ಪ್ರಾರ್ಥಿಸಿದ (2:4). ಕ್ಷಣದ ಪ್ರಾರ್ಥನೆ ಅದು. ಆದರೆ ಹಿಂದಿನ ಅಧ್ಯಾಯ ನೋಡಿ, ಯೆಹೂದ್ಯರ ಕಿಸ್ಲೇವಿನಿಂದ ನೀಸಾನ್ ತಿಂಗಳವರೆಗೆ ನಾಲ್ಕು ತಿಂಗಳು ಹಾಳುಬಿದ್ದ ಯೆರೂಸಲೇಮಿಗಾಗಿ ಮೊರೆಯಿಟ್ಟಿದ್ದ. ಬೆಳಿಗ್ಗೆ ಹತ್ತು ನಿಮಿಷ ಕೂರುವ ಅಭ್ಯಾಸ ಇದ್ದವರಿಗೆ ಬಸ್‌ಸ್ಟ್ಯಾಂಡಲ್ಲೂ ಮಾತು ಬರ್ತದೆ.

ಬರೆದಿಡೋದು ಒಳ್ಳೇದು. 100 ಪುಟದ ನೋಟ್‌ಬುಕ್, ಪುಟಕ್ಕೆ ಮೂರು ಅಂಕಣ: ತಾರೀಕು, ಬೇಡಿಕೆ ಒಂದು ಸಾಲಲ್ಲಿ, ಏನಾಯಿತು. ಮೂರನೇ ಅಂಕಣದಲ್ಲಿ ಸಿಕ್ತು, ಸಿಗಲಿಲ್ಲ ಅಂತ ಎರಡೇ ಇಟ್ಟರೆ ಅಂಗಡಿ ಲೆಕ್ಕ ಆಗ್ತದೆ. "ಬೇರೆ ರೀತಿ ಬಂತು", "ಈಗ ಬೇಡ ಅನಿಸ್ತಿದೆ", "ಕಾಯ್ತಿದ್ದೇವೆ" ಅಂತಲೂ ಬರೀರಿ. ತಿಂಗಳಿಗೊಮ್ಮೆ ಹಿಂದಿನ ಪುಟ ಓದಿ. ಮರೆತೇ ಹೋದ ಎಷ್ಟೋ ಬೇಡಿಕೆ ಈಡೇರಿರ್ತವೆ, ಅದಕ್ಕೆ ಸ್ತೋತ್ರ ಹೇಳೋದು ಬಾಕಿ ಇರ್ತದೆ.

ವಿನೋಬನಗರ ವಾಚಕ:

ಬರೆದಿಡೋದನ್ನು ಒಪ್ಪಿದೆ. ಆದರೆ ಸಣ್ಣ ವಿಷಯ ಅಂದ ಕೂಡಲೇ ನಮ್ಮ ಕಡೆ ಹರಕೆ ನುಗ್ಗುತ್ತದೆ. ದನ ಸಿಕ್ಕಿದರೆ ಇಷ್ಟು ಮೇಣದಬತ್ತಿ, ಕೇಸು ಗೆದ್ದರೆ ಇಷ್ಟು ಕಾಣಿಕೆ. ಇನ್ನು ಕೆಲವರು ಸತ್ಯವೇದ ಕಣ್ಣು ಮುಚ್ಚಿ ತೆರೆದು ಬೆರಳಿಟ್ಟ ವಚನವೇ ಉತ್ತರ ಅಂತಾರೆ. ಇದಕ್ಕೆ ಏನಂತೀರಿ?

ಭದ್ರಾವತಿ ಸಭೆ ಹಿರಿಯ:

ಪ್ರಸಂಗಿ 5:4-5: ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದೆ ಇರುವುದೇ ಲೇಸು. ಹರಕೆಯ ಮಾತಿಗೆ ಸಿಕ್ಕಿಬಿದ್ದು ಮಗಳನ್ನೇ ಕಳೆದುಕೊಂಡ ಯೆಪ್ತಾಹನ ಕಥೆ ನ್ಯಾಯಸ್ಥಾಪಕರು 11ರಲ್ಲಿದೆ. ಕಾಣಿಕೆ ಕೊಡಿ, ಕೃತಜ್ಞತೆಗೆ ಕೊಡಿ, ಬೆಲೆ ಕಟ್ಟಿ ಮುಂಚೆ ಹೇಳಬೇಡಿ. ವಚನಕ್ಕೆ ಬೆರಳಿಡುವುದನ್ನು ಬಿಡಿ, ಸುತ್ತಲಿನ ಅಧ್ಯಾಯ ಓದದ ವಚನದಿಂದ ಏನು ಬೇಕಾದರೂ ಹೊರಡಿಸಬಹುದು.

ಗುರುತು ಕೇಳೋದೇ ತಪ್ಪಾ ಅಂದರೆ ಆದಿಕಾಂಡ 24 ನೋಡಿ. ಅಬ್ರಹಾಮನ ಸೇವಕ ಬಾವಿ ಹತ್ತಿರ ನಿಂತು, ನನಗೆ ನೀರು ಕೊಟ್ಟು ಒಂಟೆಗಳಿಗೂ ತರ್ತೇನೆ ಅನ್ನುವ ಹುಡುಗಿಯೇ ಆಗಲಿ ಅಂತ ಕೇಳಿದ. ಒಂಟೆ ಹತ್ತು, ಪಯಣ ಮಾಡಿ ಬಂದವು. ಅಷ್ಟಕ್ಕೆ ಕೊಡದಲ್ಲಿ ನೀರು ಸೇದುವುದು ಅಂದರೆ ಸೊಂಟ ಬೀಳುವ ಕೆಲಸ. ಅವನು ಕೇಳಿದ ಗುರುತು ಹುಡುಗಿಯ ಗುಣವನ್ನೇ ತೋರಿಸುವಂಥದ್ದು. ಅವಳು ಸೇದುತ್ತಿದ್ದಾಗಲೂ ಅವನು ಸುಮ್ಮನೆ ನೋಡುತ್ತಾ ನಿಂತ (24:21), ಯಾರ ಮಗಳು ಅಂತ ವಿಚಾರಿಸಿದ, ಆಮೇಲೆ ತಲೆಬಾಗಿ ಆರಾಧಿಸಿದ. ಕಾಗೆ ಕೂಗಿದರೆ ಹೂಂ ಅನ್ನೋ ಗುರುತಿಗೂ ಇದಕ್ಕೂ ಎಷ್ಟು ದೂರ ನೋಡಿ.

ಸಾಗರ ಜಪಸರ:

ಕಳೆದ ವಸ್ತುವಿಗೆ ಸಂತ ಅಂತೋಣಿಯವರ ಬಿನ್ನಹ ಕೇಳೋದು ನಮ್ಮಲ್ಲಿದೆ. ಅದು ಮಂತ್ರ ಹಾಕಿದ ಹಾಗೆ ಅಲ್ಲ, ನಮ್ಮ ಜೊತೆ ಪ್ರಾರ್ಥಿಸಿ ಅಂತ ಸಂತರನ್ನು ಕೇಳೋದು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಬೇರೆ ಪ್ರೊಟೆಸ್ಟಂಟ್ ಸಭೆಯವರಿಗೆ ಇದು ಒಪ್ಪಿಗೆ ಇಲ್ಲ, ಅವರು ನೇರ ದೇವರನ್ನೇ ಕೇಳ್ತಾರೆ. ಕೂಟದಲ್ಲಿ ಎರಡೂ ಕಡೆಯವರಿದ್ದರೆ ಕರ್ತನ ಪ್ರಾರ್ಥನೆಯಿಂದ ಶುರುಮಾಡಿ. ಅದರಲ್ಲಿ ಭೇದ ಇಲ್ಲ.

ಭದ್ರಾವತಿ ಸಭೆ ಹಿರಿಯ:

ವಾಟ್ಸಾಪ್ ಗುಂಪಿನ ಬಗ್ಗೆ ಯಾರೂ ಬರೆಯಲಿಲ್ಲ, ಆದರೆ ಸಣ್ಣ ವಿಷಯಗಳು ಹೆಚ್ಚು ಕೆಡೋದು ಅಲ್ಲೇ. "ಇಂಥವರ ಸೊಸೆಗಾಗಿ ಪ್ರಾರ್ಥಿಸಿ, ಅವಳು ಹೀಗೆ ಮಾಡಿದಳು" ಅಂತ ಒಂದು ಸಂದೇಶ ಬಂದರೆ ಅದು ಚಾಡಿ. ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಹೆಸರು, ಕಾಯಿಲೆ, ರಿಪೋರ್ಟಿನ ಫೋಟೋ ಹಾಕಬಾರದು. ಬೇಡಿಕೆ ಎರಡು ಸಾಲು ಮೀರಬಾರದು. ಯಾವ ದಿನದವರೆಗೆ ಅಂತ ಬರೆಯಬೇಕು: "ಗುರುವಾರದ ಪರೀಕ್ಷೆಗೆ." ಆ ದಿನ ಕಳೆದ ಮೇಲೆ ಹಾಕಿದವರೇ ಏನಾಯಿತು ಅಂತ ತಿಳಿಸಬೇಕು. ಕೈಮುಗಿದ ಚಿತ್ರ ಒತ್ತಿ ಮುಂದೆ ಹೋಗುವವರಿಗೆ ಒಂದು ಮಾತು: ಒತ್ತುವ ಮುಂಚೆ ಆ ಹೆಸರು ಹೇಳಿ ಒಂದು ವಾಕ್ಯ ಪ್ರಾರ್ಥಿಸಿ, ಆಗದಿದ್ದರೆ ಒತ್ತಬೇಡಿ. ಪಕ್ಕದ ಮನೆಯವರು ಬೇರೆ ಧರ್ಮದವರಾದರೆ ಅವರ ಕಷ್ಟಕ್ಕೂ ಪ್ರಾರ್ಥಿಸಿ, ಆದರೆ ಅವರ ಹೆಸರನ್ನು ಗುಂಪಿಗೆ ಎಳೆಯಬೇಡಿ.

ಕೋಣಂದೂರು ಓದುಗಿ:

ಈ ಶುಕ್ರವಾರ ಹತ್ತು ಹನ್ನೆರಡು ಜನ ಸೇರ್ತೇವೆ, ಮುಕ್ಕಾಲು ಗಂಟೆ ಸಮಯ. ಮಳೆ ಜೋರಿದ್ದರೆ ಹೆಂಚಿನ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳೋದೂ ಕಷ್ಟ. ಹೇಗೆ ನಡೆಸೋದು?

ಸೊರಬ ಆರೋಗ್ಯ:

ವೃತ್ತ ಚಿಕ್ಕದು ಮಾಡಿ, ಮೂರು ಮೂರು ಜನರ ಗುಂಪಾಗಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಿ. ಮೊದಲ ಐದು ನಿಮಿಷ ಒಂದು ಕೀರ್ತನೆ ಮತ್ತು ಕರ್ತನ ಪ್ರಾರ್ಥನೆ ಎಲ್ಲರೂ ಒಟ್ಟಿಗೆ. ಹತ್ತು ನಿಮಿಷ ಕೊಡಲಿಯ ಭಾಗ ಓದೋದು. ಆಮೇಲೆ ಗುಂಪಿನಲ್ಲಿ ಒಬ್ಬೊಬ್ಬರಿಗೆ ಎಂಟು ನಿಮಿಷ: ಹೇಳೋದಕ್ಕೆ ಎರಡು ನಿಮಿಷ, ಉಳಿದ ಇಬ್ಬರು ಅವರಿಗಾಗಿ ಪ್ರಾರ್ಥಿಸೋದು. ಈ ಸಲ ಕಾಯಿಲೆ, ಮದುವೆ, ಸಾಲ ಬಿಟ್ಟು ಬೇರೆ ಒಂದನ್ನೇ ಹೇಳಬೇಕು ಅಂತ ಮೊದಲೇ ತಿಳಿಸಿ, ಸಂಕೋಚ ಬಿಡ್ತದೆ. ಸಲಹೆ ಕೊಡೋದು ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿ. ಹಸು ಒದೆಯೋದಕ್ಕೆ ಕೆಚ್ಚಲಲ್ಲಿ ಗಾಯ ಇದೆಯಾ, ಬಾವು ಇದೆಯಾ ನೋಡು ಅನ್ನೋ ಮಾತು ಚಹಾದ ಹೊತ್ತಿಗೆ ಇಟ್ಟುಕೊಳ್ಳಿ. ಬಾಯಿಬಿಟ್ಟು ಪ್ರಾರ್ಥಿಸಲು ಬಾರದವರಿಗೆ ಸಾಗರದವರು ಕೊಟ್ಟ ಐದು ತುಂಡಿನ ಅಚ್ಚನ್ನು ಚೀಟಿಯಲ್ಲಿ ಬರೆದು ಕೊಡಿ. ಅದೂ ಆಗದಿದ್ದರೆ ಹನ್ನಳ ಹಾಗೆ ತುಟಿ ಮಾತ್ರ ಅಲುಗಲಿ (1 ಸಮುವೇಲ 1:13), ಒತ್ತಾಯ ಬೇಡ. ಕೊನೆಗೆ ಉಳಿಯುವ ಐದಾರು ನಿಮಿಷ ಹಿಂದಿನ ವಾರದ ವಿಷಯಗಳಿಗೆ. ಯಾರದ್ದು ಏನಾಯಿತು ಅಂತ ಹೆಸರು ಹಿಡಿದು ಕೇಳಿ, ಏನೂ ಆಗಿಲ್ಲ ಅಂದವರನ್ನು ಮುಂದಿನ ವಾರದ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ.